ವೊಲ್‌ಹೈಮ್ ಅನ್ನೋ ಸಂಪಾದಕ, ಇಲ್ಲಿನ ಓದುಗರು, ನಮ್ಮ ಓದುಗರು

ಕನ್ನಡದಲ್ಲಿ ಒಂದು ಕಾದಂಬರಿ ಇಷ್ಟ ಆದ್ರೆ ನಾವು ಬರೆದವರ ಹೆಸರು ಹೇಳ್ತೀವಿ, ಮುಖಪುಟ ಚೆನ್ನಾಗಿದ್ರೆ ಕಲಾವಿದರ ಹೆಸರೂ ಹೇಳ್ತೀವಿ, ಆದ್ರೆ ಆ ಹಸ್ತಪ್ರತೀನ ಮೊದಲು ಓದಿ ಇದು ಅಚ್ಚಾಗಲೇಬೇಕು ಅಂತ ಪಟ್ಟು ಹಿಡಿದವರು ಯಾರು ಅಂತ ಕೇಳೋದೇ ಇಲ್ಲ. ನ್ಯೂಜೆರ್ಸಿಗೆ ಬಂದು ಇಲ್ಲಿನ ಸೈನ್ಸ್ ಫಿಕ್ಷನ್ ಓದುಗರ ಜೊತೆ ಒಡನಾಟ ಬೆಳೆದಾಗ ನನಗೆ ಎದ್ದು ಕಂಡ ವ್ಯತ್ಯಾಸ ಇದೇ. ಇಲ್ಲಿ ಸಂಪಾದಕರ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ, ಓಟು ಹಾಕಿ ಪ್ರಶಸ್ತಿ ಕೊಡ್ತಾರೆ, ಜಗಳಾನೂ ಆಡ್ತಾರೆ. ಹಂಗೆ ಪದೇ ಪದೇ ಕಿವಿಗೆ ಬಿದ್ದ ಹೆಸರು ಡೊನಾಲ್ಡ್ ವೊಲ್‌ಹೈಮ್.

1914ರಲ್ಲಿ ನ್ಯೂಯಾರ್ಕಲ್ಲಿ ಹುಟ್ಟಿದವರು. ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಕಥೆ ‘ವಂಡರ್ ಸ್ಟೋರೀಸ್’ ಪತ್ರಿಕೆಯ 1934ರ ಜನವರಿ ಸಂಚಿಕೇಲಿ ಬಂತು, ದುಡ್ಡು ಮಾತ್ರ ಬರಲಿಲ್ಲ. ಪತ್ರಿಕೆ ಹ್ಯೂಗೋ ಗರ್ನ್ಸ್‌ಬ್ಯಾಕ್ ಅವರದ್ದು, ಆ ಕಾಲಕ್ಕೆ ದೊಡ್ಡ ಹೆಸರು. ಹುಡುಗ ಸುಮ್ಮನಿರಲಿಲ್ಲ, ಬೇರೆ ಲೇಖಕರನ್ನ ವಿಚಾರಿಸಿದ್ರೆ ಅವರಿಗೂ ಬಾಕಿ, ಎಲ್ಲ ಸೇರಿ ಕೇಸು ಹಾಕಿ ಕೊನೆಗೆ 75 ಡಾಲರಿಗೆ ರಾಜಿ ಆಯ್ತು. ಆಮೇಲೆ ಗರ್ನ್ಸ್‌ಬ್ಯಾಕ್ ಕಟ್ಟಿದ್ದ ಓದುಗರ ಸಂಘದಿಂದ ಇವರನ್ನ ಹೊರಗೆ ಹಾಕಿದ್ರು. ನಮ್ಮ ಕಡೆ ಎಷ್ಟು ಜನ ಕಥೆ ಬರೆದು ಗೌರವಪ್ರತಿ ಮಾತ್ರ ತಗೊಂಡು ಬಾಯಿ ಮುಚ್ಚಿಕೊಂಡಿದ್ದಾರೆ, ಸಾಹಿತ್ಯದ ವಿಷಯದಲ್ಲಿ ದುಡ್ಡಿನ ಮಾತು ಎತ್ತಿದ್ರೆ ಚೆನ್ನಾಗಿರಲ್ಲ ಅನ್ನೋ ಸಂಕೋಚ ನಮ್ಮಲ್ಲಿ ಎಷ್ಟು ಆಳವಾಗಿದೆ ಅಂತ ಬರೆಯೋ ಸ್ನೇಹಿತರು ಇರೋರಿಗೆಲ್ಲ ಗೊತ್ತು. ಆ ಸಂಕೋಚ ಹೋಗಬೇಕು ಅಂತಾನೇ ನನ್ನ ಅನಿಸಿಕೆ.

ಸಂಘದಿಂದ ಹೊರಬಿದ್ದ ಮೇಲೆ ಅವರು ಮಾಡಿದ್ದು ನನಗೆ ಎಲ್ಲಕ್ಕಿಂತ ಇಷ್ಟ. 1936ರ ಅಕ್ಟೋಬರಲ್ಲಿ ನ್ಯೂಯಾರ್ಕಿನ ಒಂದಷ್ಟು ಹುಡುಗರು ಫಿಲಡೆಲ್ಫಿಯಾಕ್ಕೆ ಹೋಗಿ ಅಲ್ಲಿನ ಓದುಗರನ್ನ ಭೇಟಿ ಮಾಡಿದ್ರು, ಅಮೆರಿಕದ ಮೊದಲ ಸೈನ್ಸ್ ಫಿಕ್ಷನ್ ಸಮಾವೇಶ ಅಂತ ಈಗ ಅದನ್ನೇ ಕರೀತಾರೆ, ಅದರ ಹಿಂದೆ ಇದ್ದವರು ಇವರೇ. 1937ರಲ್ಲಿ ಫ್ಯಾಪಾ ಅಂತ ಒಂದು ಕೂಟ ಶುರು ಮಾಡಿದ್ರು. ಪ್ರತಿ ಸದಸ್ಯ ತನ್ನದೇ ಪುಟ್ಟ ಪತ್ರಿಕೆ ಬರೆದು, ಟೈಪ್ ಮಾಡಿ, ಎಲ್ಲ ಸದಸ್ಯರಿಗೂ ಆಗೋಷ್ಟು ಪ್ರತಿ ತೆಗೆದು ಒಬ್ಬರಿಗೆ ಕಳಿಸೋದು, ಅವರು ಎಲ್ಲರ ಪತ್ರಿಕೆಗಳನ್ನ ಜೋಡಿಸಿ ಒಂದೊಂದು ಕಟ್ಟು ಮಾಡಿ ಎಲ್ಲರಿಗೂ ಅಂಚೆಗೆ ಹಾಕೋದು. ಮುಂದಿನ ಕಟ್ಟಲ್ಲಿ ಹಿಂದಿನದಕ್ಕೆ ಉತ್ತರ, ಪ್ರತ್ಯುತ್ತರ, ಬೈಗುಳ, ಹೊಗಳಿಕೆ ಎಲ್ಲಾ. ಸಂಬಳ ಇಲ್ಲ, ಮೇಷ್ಟ್ರು ಇಲ್ಲ, ಹಸ್ತಪ್ರತಿ ತಿದ್ದೋದು, ಪುಟ ಕಟ್ಟೋದು, ಗಡುವಿಗೆ ಮುಗಿಸೋದು ಎಲ್ಲಾ ಹಿಂಗೇ ಕಲಿತ್ರು. 1938ರಲ್ಲಿ ಫ್ಯೂಚರಿಯನ್ಸ್ ಅನ್ನೋ ನ್ಯೂಯಾರ್ಕ್ ಓದುಗರ ಗುಂಪು ಹುಟ್ಟಿತು, ಮುಂದೆ ಹೆಸರಾಂತ ಲೇಖಕರಾದ ಅಸಿಮೋವ್, ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲತ್ ಎಲ್ಲ ಅದರಲ್ಲಿದ್ದವರು. 1939ರ ಜುಲೈಯಲ್ಲಿ ನ್ಯೂಯಾರ್ಕಲ್ಲೇ ಮೊದಲ ವರ್ಲ್ಡ್‌ಕಾನ್, ಅಂದ್ರೆ ವಿಶ್ವ ಸೈನ್ಸ್ ಫಿಕ್ಷನ್ ಸಮಾವೇಶ, ನಡೆದಾಗ, ಈ ಎಡಪಂಥೀಯ ಹುಡುಗರು ಗಲಾಟೆ ಮಾಡ್ತಾರೆ ಅಂತ ಸಂಘಟಕರು ವೊಲ್‌ಹೈಮ್ ಸೇರಿ ಆರು ಜನರನ್ನ ಒಳಗೆ ಬಿಡಲಿಲ್ಲ. ಅದೇ ವರ್ಲ್ಡ್‌ಕಾನ್ 1988ರಲ್ಲಿ ನ್ಯೂ ಆರ್ಲಿಯನ್ಸಲ್ಲಿ ನಡೆದಾಗ ಅವರು ಗೌರವ ಅತಿಥಿ.

ಮಧ್ಯದ ನಲವತ್ತೊಂಬತ್ತು ವರ್ಷದಲ್ಲಿ ಹೆಚ್ಚಿನದು ಪುಸ್ತಕದ ಕೆಲಸ. 1943ರಲ್ಲಿ ಸೈನ್ಸ್ ಫಿಕ್ಷನ್ ಕಥೆಗಳ ಮೊದಲ ಜನಪ್ರಿಯ ಪೇಪರ್‌ಬ್ಯಾಕ್ ಸಂಕಲನ, ಆಮೇಲೆ ಏವನ್ ಅನ್ನೋ ಕಂಪನಿ, 1952ರಿಂದ ಏಸ್ ಬುಕ್ಸ್. ಏಸ್ ಡಬಲ್ ಅಂತ ಒಂದು ಸರಣಿ ಮಾಡಿದ್ರು, ಇಲ್ಲಿ ಹಳೇ ಪುಸ್ತಕದ ಅಂಗಡೀಲಿ ಈಗಲೂ ಸಿಗುತ್ತೆ. ಕೈಗೆ ತಗೊಂಡ್ರೆ ಸಣ್ಣ ಪುಸ್ತಕ, ಮುಂದೆ ಒಂದು ಮುಖಪುಟ, ಒಂದು ಕಾದಂಬರಿ, ಅದನ್ನ ತಿರುಗಿಸಿ ತಲೆಕೆಳಗು ಮಾಡಿದ್ರೆ ಇನ್ನೊಂದು ಮುಖಪುಟ, ಇನ್ನೊಂದು ಕಾದಂಬರಿ, ಎರಡೂ ಕಥೆ ಮಧ್ಯದಲ್ಲಿ ಬಂದು ಮುಗಿಯುತ್ತೆ. ಶುರುವಲ್ಲಿ ಬೆಲೆ 35 ಸೆಂಟು. ಒಂದು ಕಡೆ ಜನ ಬಲ್ಲ ಹೆಸರು, ಇನ್ನೊಂದು ಕಡೆ ಹೊಸಬರು, ಹಿಂಗೆ ಹಾಕೋಕೆ ಅನುಕೂಲ ಆಗ್ತಿತ್ತು. ಫಿಲಿಪ್ ಕೆ. ಡಿಕ್ ಅವರ ಮೊದಲ ಕಾದಂಬರಿ 1955ರಲ್ಲಿ, ಸ್ಯಾಮ್ಯುಯೆಲ್ ಡಿಲೇನಿ ಅವರದ್ದು 1962ರಲ್ಲಿ, ಅರ್ಸುಲಾ ಲೆಗ್ವಿನ್ ಅವರದ್ದು 1966ರಲ್ಲಿ, ಮೂರೂ ಹಿಂಗೇ ಅರ್ಧ ಪುಸ್ತಕವಾಗಿ ಬಂದಿದ್ದು. ಮೂವರೂ ಆಮೇಲೆ ದೊಡ್ಡ ಹೆಸರಾದ್ರು, ಆದ್ರೆ ಆಗ ಕಾದಂಬರಿಕಾರರಾಗಿ ಅವರು ಹೊಸಬರು. ಒಬ್ಬ ಸಂಪಾದಕನ ಕಣ್ಣು ಅಂದ್ರೆ ಇದು.

ವೊಲ್‌ಹೈಮ್ ಮಾಡಿದ್ದೆಲ್ಲಾ ಸರಿ ಅಂತ ನಾನು ಹೇಳಲ್ಲ. 1965ರಲ್ಲಿ ಟೋಲ್ಕಿನ್ ಅವರ ದೊಡ್ಡ ಕೃತಿ ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಅನ್ನ ಅಮೆರಿಕದ ಕಾಪಿರೈಟ್ ಕಾನೂನಿನ ಒಂದು ಸಂದಿ ಹಿಡ್ಕೊಂಡು ಲೇಖಕರ ಒಪ್ಪಿಗೆ ಇಲ್ಲದೆ 75 ಸೆಂಟಿಗೆ ಏಸ್ ಪೇಪರ್‌ಬ್ಯಾಕ್ ತಂದ್ರು. ತನ್ನ ಮೊದಲ ಕಥೆಯ ದುಡ್ಡಿಗೆ ಕೇಸು ಹಾಕಿದ ಮನುಷ್ಯ ಇದನ್ನ ಮಾಡಿದ್ದು ನನಗೆ ನುಂಗೋಕಾಗಲ್ಲ. ಆದ್ರೆ ಅದನ್ನ ನಿಲ್ಲಿಸಿದ್ದರಲ್ಲಿ ಓದುಗರ ಪಾಲು ದೊಡ್ಡದು. ಟೋಲ್ಕಿನ್ ತಮ್ಮ ಅಮೆರಿಕದ ಓದುಗರಿಗೆ ಕಾಗದ ಬರೆದು ವಿಷಯ ತಿಳಿಸಿದ್ರು, ಓದುಗರು ತಿರುಗಿಬಿದ್ರು, ಏಸ್ ಕೊನೆಗೆ ರಾಯಲ್ಟಿ ಕೊಟ್ಟು ಮರುಮುದ್ರಣ ಮಾಡಲ್ಲ ಅಂತ ಒಪ್ಪಿಕೊಳ್ತು. ಪ್ರಕಾಶಕ ಯಾರು ಅಂತ ಓದುಗರಿಗೆ ಗೊತ್ತಿದ್ರೆ ಮಾತ್ರ ಇದೆಲ್ಲ ಆಗೋದು.

1971ರಲ್ಲಿ ಏಸ್ ಬಿಟ್ಟು ಹೆಂಡತಿ ಎಲ್ಸಿ ಜೊತೆ ಡಾ ಬುಕ್ಸ್ ಶುರು ಮಾಡಿದ್ರು, ಪೂರ್ತಿ ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿಗೇ ಮೀಸಲು. ಶುರುವಿನ ವರ್ಷಗಳಲ್ಲಿ ಪುಸ್ತಕದ ಬೆನ್ನು ಹಳದಿ ಇರ್ತಿತ್ತು, ಮುಖಪುಟದ ಮೇಲೆ ಕ್ರಮಸಂಖ್ಯೆ ಇರ್ತಿತ್ತು, ಆ ನಂಬರ್ ಹಿಡಿದು ಹುಡುಕಿ ಜೋಡಿಸೋರು ಇವತ್ತಿಗೂ ಇದ್ದಾರೆ. 1985ರಲ್ಲಿ ಮಗಳು ಬೆಟ್ಸಿ ಜವಾಬ್ದಾರಿ ತಗೊಂಡ್ರು, 1990ರಲ್ಲಿ ಅಪ್ಪ ತೀರಿಕೊಂಡ್ರು, 2012ರಲ್ಲಿ ಬೆಟ್ಸಿಗೆ ಸಂಪಾದಕಿ ಅಂತ ಸೈನ್ಸ್ ಫಿಕ್ಷನ್ನಿನ ಹ್ಯೂಗೋ ಪ್ರಶಸ್ತಿ ಬಂತು. ಆ ಪ್ರಶಸ್ತಿಗೆ ಅದೇ ಗರ್ನ್ಸ್‌ಬ್ಯಾಕ್ ಹೆಸರು. ಓಟು ಹಾಕೋರು ವರ್ಲ್ಡ್‌ಕಾನ್ ಸದಸ್ಯರು, ಅಂದ್ರೆ ದುಡ್ಡು ಕೊಟ್ಟು ಸದಸ್ಯತ್ವ ತಗೊಂಡ ಯಾವ ಓದುಗ ಬೇಕಾದ್ರೂ.

ನಮ್ಮಲ್ಲಿ ಇಂಥವರು ಇರಲಿಲ್ವಾ ಅಂದ್ರೆ ಖಂಡಿತ ಇದ್ರು. ಗಳಗನಾಥರು ತಮ್ಮ ಪುಸ್ತಕಗಳನ್ನ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುವಾಯ್ತು, ಜಿ.ಬಿ. ಜೋಶಿ ಅವರು ಓದುಗರನ್ನ ಚಂದಾದಾರರನ್ನಾಗಿ ಮಾಡಿಕೊಂಡು ಅದನ್ನ ಬೆಳೆಸಿದ್ರು, ಅಟ್ಟದ ಮೇಲೆ ಕೂತು ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಜೊತೆ ಯಾವುದು ಅಚ್ಚಾಗಬೇಕು ಅಂತ ಚರ್ಚೆ ಮಾಡ್ತಿದ್ರು. ಇಪ್ಪತ್ತರ ಆಸುಪಾಸಿನ ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಬಂದಿದ್ದು ಅಲ್ಲಿಂದಾನೇ. ಜೋಶಿಯವರ ಮನೆತನದವರೇ ಆಮೇಲೂ ನಡೆಸಿಕೊಂಡು ಬಂದ್ರು. ಇದರಲ್ಲಿ ಏನು ಕಮ್ಮಿ ಇದೆ ಹೇಳಿ? ಕಮ್ಮಿ ಇರೋದು ನಮ್ಮ ಕಡೆಯಿಂದ, ಅಂದ್ರೆ ಓದುಗರ ಕಡೆಯಿಂದ. ಪ್ರಕಾಶಕರು ಲೈಬ್ರರಿ ಸಗಟು ಖರೀದಿಯ ದಾರಿ ಕಾಯೋ ಹಂಗಾಗಿದ್ರೆ ಅದಕ್ಕೆ ಒಂದು ಕಾರಣ ಚಂದಾ ಕಟ್ಟಿ ಜೊತೆಗೆ ನಿಲ್ಲೋ ಓದುಗರ ಬಳಗ ಕರಗಿದ್ದು. ಧಾರವಾಡದ ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವರ್ಷಾನುಗಟ್ಟಲೆ ವಿಜ್ಞಾನ ಕಥೆ ಬರೆದ್ರು, ಅವರ ಸುತ್ತ ಫ್ಯಾಪಾ ಥರದ ಒಂದು ಓದುಗರ ಕೂಟ ಬೆಳೆದಿದ್ರೆ ಅದರೊಳಗಿಂದ ಒಬ್ಬ ಸಂಪಾದಕ ಎದ್ದು ಬರ್ತಿದ್ದ ಅಂತ ನನಗೆ ಬಲವಾಗಿ ಅನ್ಸುತ್ತೆ.

ಇಲ್ಲಿನ ಕನ್ನಡ ಕೂಟಗಳ ಸಾಹಿತ್ಯ ಕಾರ್ಯಕ್ರಮಕ್ಕೆ ನಾವು ಯಾವಾಗಲೂ ಲೇಖಕರನ್ನೇ ಕರೆಸೋದು. ಈ ಸಲ ಒಬ್ಬ ಸಂಪಾದಕರನ್ನ ಕರೆಸೋಣ, ಭಾಷಣ ಬೇಡ, ಯಾವ ಹಸ್ತಪ್ರತೀನ ಯಾಕೆ ಒಪ್ಪಿದ್ರಿ, ಯಾವುದನ್ನ ಯಾಕೆ ವಾಪಸ್ ಕಳಿಸಿದ್ರಿ ಅಂತ ನಾವು ಕೇಳೋದು ಅವರು ಹೇಳೋದು, ಆನ್‌ಲೈನ್ ಆದ್ರೂ ಪರವಾಗಿಲ್ಲ ಅಂತ ನಮ್ಮ ಕೂಟದವರ ಹತ್ರ ಮಾತಾಡಿದ್ದೀನಿ, ಒಪ್ಪೋ ಲಕ್ಷಣ ಇದೆ. ನೀವು ಮೆಚ್ಚಿದ ಪುಸ್ತಕಗಳ ಹಿಂದೆ ಇರೋ ಅಂಥವರ ಹೆಸರು ನಿಮಗೆ ಗೊತ್ತಿದ್ರೆ ದಯವಿಟ್ಟು ತಿಳಿಸಿ.