ಬ್ಲೀಚ್ ಹಚ್ಚುವ ಮೊದಲು ಕೂದಲ ಜಾತಕ ನೋಡಿ

ಭಾನುವಾರ ಸಂಜೆ ನನ್ನ ಪಾರ್ಲರ್‌ಗೆ ತಲೆ ತುಂಬ ದುಪಟ್ಟಾ ಸುತ್ತಿಕೊಂಡು ಬರುವ ಹುಡುಗಿಯರು ಈಚೆಗೆ ಜಾಸ್ತಿಯಾಗಿದ್ದಾರೆ. ಹುಡುಗರಾದರೆ ಕ್ಯಾಪ್. ಒಳಗೆ ಬಂದ ಮೇಲೂ ತೆಗೆಯುವುದಿಲ್ಲ. ಉಳಿದ ಗಿರಾಕಿಗಳು ಎದ್ದು ಹೋಗಲಿ ಅಂತ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ದುಪಟ್ಟಾ ತೆಗೆಯುವ ಮೊದಲೇ ನನಗೆ ವಿಷಯ ಗೊತ್ತಾಗಿರುತ್ತದೆ. ಮನೆಯಲ್ಲಿ ಬ್ಲೀಚ್ ಹಚ್ಚಿಕೊಂಡಿದ್ದಾರೆ, ಬ್ಲಾಂಡ್ ಆಗಬೇಕಿದ್ದ ಕೂದಲು ಇಟ್ಟಿಗೆ ಬಣ್ಣಕ್ಕೆ ಬಂದು ನಿಂತಿದೆ.

ಮೊದಲೇ ಹೇಳಿಬಿಡುತ್ತೇನೆ. ಕಪ್ಪು ಕೂದಲನ್ನು ಬ್ಲಾಂಡ್ ಮಾಡಿಕೊಳ್ಳುವವರ ಮೇಲೆ ನನಗೇನೂ ಸಿಟ್ಟಿಲ್ಲ. "ಇದೆಲ್ಲ ನಮ್ಮೋರಿಗೆ ಒಪ್ಪೋದಿಲ್ಲ, ಫಾರಿನ್ನೋರಿಗೆ ಸರಿ" ಅನ್ನುವ ಹಿರಿಯರೇ ತಿಂಗಳು ತಿಂಗಳು ನನ್ನ ಹತ್ತಿರ ಬಂದು ಬಿಳಿ ಕೂದಲಿಗೆ ಕಡುಗಪ್ಪು ಹಚ್ಚಿಸಿಕೊಂಡು ಹೋಗುತ್ತಾರೆ. ಅದೂ ಬಣ್ಣವೇ ಅಲ್ವಾ? ಇನ್ನು, ಸಾಲೊಮನ್ ದ್ವೀಪಗಳಲ್ಲಿ ನಮಗಿಂತ ಕಪ್ಪು ಮೈಬಣ್ಣದ ಜನರಲ್ಲೇ ಹುಟ್ಟಿನಿಂದ ಬ್ಲಾಂಡ್ ಕೂದಲಿರುವವರಿದ್ದಾರೆ. ಅದಕ್ಕೆ ಕಾರಣವಾದ ಜೀನ್ 2012ರಲ್ಲಿ ಪತ್ತೆಯಾಯಿತು. ಯುರೋಪಿನವರ ಬ್ಲಾಂಡ್ ಕೂದಲಿನ ಜೀನ್ ಅದಲ್ಲ, ಬೇರೆಯದೇ. ಆದ್ದರಿಂದ ಒಪ್ಪುತ್ತದೋ ಇಲ್ಲವೋ ಅನ್ನುವುದನ್ನು ಅವರವರೇ ಕನ್ನಡಿ ಮುಂದೆ ನಿಂತು ತೀರ್ಮಾನಿಸಿಕೊಳ್ಳಲಿ.

"ಇವಳು ತನ್ನ ವ್ಯಾಪಾರಕ್ಕೆ ಹೇಳ್ತಾಳೆ" ಅಂತಲೂ ಅಂದುಕೊಳ್ಳಬೇಡಿ. ಕೆಟ್ಟ ಬಣ್ಣ ಸರಿಪಡಿಸುವುದಕ್ಕೆ ಹೊಸದಾಗಿ ಬಣ್ಣ ಹಚ್ಚುವುದಕ್ಕಿಂತ ಜಾಸ್ತಿ ದುಡ್ಡು ಬರುತ್ತದೆ. ವ್ಯಾಪಾರವೇ ಮುಖ್ಯವಾಗಿದ್ದರೆ ನೀವೆಲ್ಲ ಕೆಡಿಸಿಕೊಂಡು ಬರಲಿ ಅಂತ ಸುಮ್ನೆ ಕಾಯಬಹುದಿತ್ತು.

ನನ್ನ ತಕರಾರು ಬೇರೆ. ಬ್ಲೀಚ್ ಹಚ್ಚುವ ಮೊದಲು ಕೂದಲಿಗೆ ಹಿಂದೆ ಏನೇನು ಆಗಿದೆ ಅಂತ ಯಾರೂ ಕೇಳುವುದಿಲ್ಲ. ವಿಡಿಯೋ ಮಾಡುವವರು ಕೇಳುವುದಿಲ್ಲ. ಪುಡಿ ಮಾರುವ ಅಂಗಡಿಯವರು ಕೇಳುವುದಿಲ್ಲ. ಎಷ್ಟೋ ಪಾರ್ಲರ್‌ಗಳಲ್ಲೂ ಕೇಳುವುದಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳಬೇಕು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆನ್ನಿನ ಅರ್ಧದವರೆಗೆ ಜಡೆ ಇದ್ದರೆ ಅದರ ತುದಿಗೆ ನಾಲ್ಕೈದು ವರ್ಷ ವಯಸ್ಸು. ಪಿಯುಸಿಯಲ್ಲಿ ಓದುವಾಗ ಅಕ್ಕನ ಮದುವೆಗೆ ಹಚ್ಚಿಕೊಂಡ ಮೆಹೆಂದಿ, ನೀವು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಜಡೆಯ ತುದಿಯಲ್ಲಿ ಕೂತಿರುತ್ತದೆ. ಮೇಲೆ ಕಪ್ಪಗೆ ಕಾಣುತ್ತದೆ ಅಷ್ಟೇ. ಬ್ಲೀಚ್ ಬಿದ್ದಾಗ ಹೊರಗೆ ಬರುತ್ತದೆ.

ಈಚೆಗೆ ಬಂದ ಒಬ್ಬ ಹುಡುಗಿಯ ತಲೆ ಹೇಗಿತ್ತು ಅಂತ ಹೇಳುತ್ತೇನೆ. ಬುಡದಿಂದ ಎರಡು ಬೆರಳಷ್ಟು ಕೂದಲು ಹೊಳೆಯುವ ಹಳದಿ. ಅಲ್ಲಿಂದ ಕಿವಿಯವರೆಗೆ ಕಿತ್ತಳೆ. ಕಿವಿಯಿಂದ ಕೆಳಗೆ ಕಂದು, ಬೆಳಕಿಗೆ ಹಿಡಿದರೆ ಅದರಲ್ಲಿ ಪಾಚಿ ಬಣ್ಣ.

"ಮೊದಲು ಏನಾದ್ರೂ ಹಚ್ಚಿದ್ಯೇನಮ್ಮ?" ಅಂದೆ.

"ಇಲ್ಲ ಅಕ್ಕ, ಕಲರ್ ಏನೂ ಮಾಡಿಸಿಲ್ಲ. ಬರೀ ಮೆಹೆಂದಿ."

ಈ "ಬರೀ ಮೆಹೆಂದಿ" ಇದೆಯಲ್ಲ, ಎಲ್ಲ ಬರುವುದು ಅಲ್ಲಿಂದಲೇ. ತಲೆಯ ಬಿಸಿಗೆ ಬುಡದ ಕೂದಲಲ್ಲಿ ಬ್ಲೀಚ್ ಬೇಗ ಕೆಲಸ ಮಾಡುತ್ತದೆ. ಅದಕ್ಕೇ ನಾವು ಬುಡವನ್ನು ಕೊನೆಗೆ ಹಚ್ಚುವುದು. ಅವಳು ಮೊದಲು ಅಲ್ಲಿಗೇ ಹಚ್ಚಿದ್ದಳು, ಹಳದಿಯಾಯಿತು. ಶುದ್ಧ ಮೆಹೆಂದಿಯ ಬಣ್ಣ ಕೂದಲಿನ ಪ್ರೋಟೀನ್ ಜೊತೆ ಅಂಟಿಕೊಂಡುಬಿಡುತ್ತದೆ, ಬ್ಲೀಚ್‌ಗೂ ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೇ ನಡುವೆ ಕಿತ್ತಳೆ. ಇನ್ನು ಕಪ್ಪಾಗಲಿ ಅಂತ ಮೆಹೆಂದಿಗೆ ನೀಲಿ ಸೊಪ್ಪಿನ ಪುಡಿ ಸೇರಿಸಿದ್ದರೆ ಬ್ಲೀಚ್ ಬಿದ್ದಾಗ ಹಸಿರು ಹೊರಡುತ್ತದೆ. ಅವಳ ತುದಿಯಲ್ಲಿ ಆಗಿದ್ದು ಇದೇ. ಬೇಗ ಕಪ್ಪಾಗುವ ಪ್ಯಾಕೆಟ್ ಮೆಹೆಂದಿಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನುವ ರಾಸಾಯನಿಕ ಬಣ್ಣ ಇರುತ್ತದೆ, ಅದರ ಕಥೆ ಇನ್ನೊಂದು. ಎಲ್ಲಕ್ಕಿಂತ ಅಪಾಯ ಲೋಹದ ಲವಣ ಸೇರಿಸಿದ ಪುಡಿಗಳದ್ದು. ಅದರ ಮೇಲೆ ಬ್ಲೀಚ್‌ಗೆ ಕಲಸುವ ಪೆರಾಕ್ಸೈಡ್ ಬಿದ್ದರೆ ಕೂದಲು ಕಾದು ಹೊಗೆಯಾಡಬಹುದು, ಕೈಗೇ ಬರಬಹುದು.

ನಮ್ಮ ಮನೆಗಳಲ್ಲಿ ಮೆಹೆಂದಿ ಹಚ್ಚುವುದನ್ನು ಬಣ್ಣ ಹಾಕುವ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ತಂಪಿಗೆ ಹಚ್ಚುತ್ತಾರೆ, ಹಬ್ಬಕ್ಕೆ ಹಚ್ಚುತ್ತಾರೆ, ಅಮ್ಮನ ಬಟ್ಟಲಲ್ಲಿ ಉಳಿಯಿತು ಅಂತ ಹಚ್ಚುತ್ತಾರೆ. ಹೊರದೇಶದ ಹುಡುಗಿ ಮಾಡಿದ ವಿಡಿಯೋದಲ್ಲಿ ಈ ಬಟ್ಟಲ ಮಾತು ಬರುವುದೇ ಇಲ್ಲ.

ಸ್ಮೂದನಿಂಗ್, ಸ್ಟ್ರೈಟನಿಂಗ್ ಇನ್ನೂ ಕೆಟ್ಟದ್ದು. ಕೂದಲೊಳಗಿನ ಗಂಧಕದ ಬಂಧಗಳನ್ನು ಮುರಿದು ಮತ್ತೆ ಜೋಡಿಸಿಯೇ ಅದನ್ನು ನೇರ ಮಾಡಿರುತ್ತಾರೆ. ಬ್ಲೀಚ್ ಕೂಡ ಕೈ ಹಾಕುವುದು ಆ ಬಂಧಗಳಿಗೇ. ಎರಡೂ ಒಂದೇ ಕೂದಲಿನ ಮೇಲೆ ಆದಾಗ ಏನಾಗುತ್ತದೆ ನೋಡಬೇಕಾದರೆ ಒಂದು ಎಳೆ ಒದ್ದೆ ಮಾಡಿ ಮೆಲ್ಲಗೆ ಎಳೆಯಿರಿ. ಚೆನ್ನಾಗಿರುವ ಕೂದಲು ಸ್ವಲ್ಪ ಹಿಗ್ಗಿ ವಾಪಸ್ ಬರುತ್ತದೆ. ಕೆಟ್ಟಿರುವುದು ಉದ್ದವಾಗುತ್ತಲೇ ಹೋಗಿ, ಸದ್ದಿಲ್ಲದೆ ಕೈಗೆ ಬರುತ್ತದೆ. ಅಂಥ ಕೂದಲಿಗೆ ಕತ್ತರಿ ಬಿಟ್ಟರೆ ನನ್ನ ಹತ್ತಿರ ಬೇರೆ ಔಷಧಿಯಿಲ್ಲ.

ಬ್ಲೀಚ್ ಪುಡಿಯ ಜೊತೆ ಕಲಸುವ ಡೆವಲಪರ್ ಬಗ್ಗೆಯೂ ಗೊಂದಲ ಜಾಸ್ತಿ. ಅದು ಹೈಡ್ರೋಜನ್ ಪೆರಾಕ್ಸೈಡ್. 20 ವಾಲ್ಯೂಮ್ ಅಂದರೆ ಶೇ. 6, 30 ಅಂದರೆ ಶೇ. 9, 40 ಅಂದರೆ ಶೇ. 12. ಒಂದು ಲೀಟರ್ ದ್ರಾವಣದಿಂದ ಎಷ್ಟು ಲೀಟರ್ ಆಮ್ಲಜನಕ ಬಿಡುಗಡೆಯಾಗುತ್ತದೆ ಅನ್ನುವುದೇ ಆ ವಾಲ್ಯೂಮ್ ಲೆಕ್ಕ. "ನಮ್ಮ ಕೂದಲು ದಪ್ಪ, 40 ಬೇಕು" ಅಂತ ಅಂಗಡಿಯಲ್ಲಿ ಹೇಳಿ ಕೊಡುತ್ತಾರಂತೆ. ಬೇಡ. ಮನೆಯಲ್ಲಿ 20 ಸಾಕು. ನಿಧಾನ ಆಗಲಿ. 40 ನೆತ್ತಿಗೆ ತಾಗಿ ಬೊಬ್ಬೆ ಎದ್ದವರನ್ನು ನೋಡಿದ್ದೇನೆ.

ಬಣ್ಣ ಹೋಗುವುದಕ್ಕೂ ಒಂದು ಕ್ರಮ ಇದೆ. ನಾವು ಕೂದಲ ಬಣ್ಣವನ್ನು 1ರಿಂದ 10ರವರೆಗೆ ಲೆವೆಲ್ ಹಾಕಿ ನೋಡುತ್ತೇವೆ. ನಮ್ಮವರ ಕೂದಲು ಹೆಚ್ಚಾಗಿ 1 ಅಥವಾ 2. ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಗಡೆಯಂಥ ತೆಳು ಹಳದಿ. ಅದೇ 10. ಕಪ್ಪು-ಕಂದು ಕೊಡುವ ಮೆಲನಿನ್ ಮೊದಲು ಹೋಗುತ್ತದೆ, ಕೆಂಪು-ಹಳದಿ ಕೊಡುವುದು ಹಟ ಹಿಡಿಯುತ್ತದೆ. ಹಾಗಾಗಿ ಕಿತ್ತಳೆ ಬಂತು ಅಂದರೆ ಏನೋ ತಪ್ಪಾಯಿತು ಅಂತಲ್ಲ, ಅರ್ಧ ದಾರಿಗೆ ಬಂದಿದ್ದೀರಿ ಅಷ್ಟೇ. ಅಲ್ಲಿ ಗಾಬರಿಯಾಗಿ ಅದೇ ರಾತ್ರಿ ಇನ್ನೊಂದು ಸಲ ಹಚ್ಚುತ್ತಾರೆ ನೋಡಿ, ಕೂದಲು ಹೋಗುವುದು ಆಗ. ನಡುವೆ ಕೆಲವು ವಾರ ಬಿಡಬೇಕು. ಕಪ್ಪು ಕೂದಲು ಒಂದೇ ದಿನದಲ್ಲಿ ಬ್ಲಾಂಡ್ ಆಗಿದ್ದು ಅಂತ ತೋರಿಸುವ ವಿಡಿಯೋದಲ್ಲಿ ಒಂದೋ ಎಡಿಟಿಂಗ್ ಇದೆ, ಇಲ್ಲ ವಿಗ್ ಇದೆ, ಇಲ್ಲ ಆಮೇಲೆ ಉದುರಿದ್ದನ್ನು ತೋರಿಸಿಲ್ಲ.

ಕಿತ್ತಳೆ ಕೂದಲಿಗೆ ಪರ್ಪಲ್ ಶಾಂಪೂ ತಂದು ತಿಕ್ಕುವವರೂ ಇದ್ದಾರೆ. ನೇರಳೆ ಬಣ್ಣ ಹಳದಿಯನ್ನು ತಗ್ಗಿಸುತ್ತದೆ, ಕಿತ್ತಳೆಗೆ ಬೇಕಾದದ್ದು ನೀಲಿ. ಅಲ್ಲಿಗೆ ಆ ದುಡ್ಡೂ ದಂಡ.

ನನ್ನನ್ನು ಕೇಳಿದರೆ ಲೆವೆಲ್ 7-8ಕ್ಕೆ ನಿಲ್ಲಿಸಿ, ಒಳ್ಳೆಯ ಟೋನರ್ (ಬ್ಲೀಚ್ ಆದ ಮೇಲೆ ಉಳಿಯುವ ಹಳದಿ-ಕಿತ್ತಳೆಯನ್ನು ತಗ್ಗಿಸುವ ಬಣ್ಣ) ಹಾಕಿ, ಜೇನು ಬಣ್ಣಕ್ಕೆ ಖುಷಿಪಡಿ ಅನ್ನುತ್ತೇನೆ. ಕೂದಲು ಉಳಿಯುತ್ತದೆ, ಮುಖಕ್ಕೂ ಕಳೆ. ಆದರೆ ಫೋನಿನಲ್ಲಿ ಕೊರಿಯಾದ ಹಾಡುಗಾರರ ಫೋಟೋ ತಂದವರಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತು.

ಹುಡುಗರಿಗೆ ಒಂದು ಅನುಕೂಲ ಇದೆ. ಎರಡು ಇಂಚಿನ ಕೂದಲಿಗೆ ನಾಲ್ಕೈದು ತಿಂಗಳ ಚರಿತ್ರೆ ಅಷ್ಟೇ. ಕೆಟ್ಟರೆ ಮಷಿನ್ ಹಾಕಿಸಿ ಬೋಳಿಸಿಬಿಡಬಹುದು. 1998ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ರೊಮೇನಿಯಾದ ಆಟಗಾರರು ಟ್ಯುನೀಷಿಯಾ ವಿರುದ್ಧದ ಪಂದ್ಯಕ್ಕೆ ಸಾಲಾಗಿ ಹಳದಿ ತಲೆ ಮಾಡಿಕೊಂಡು ಇಳಿದಿದ್ದರು. (ಪಂದ್ಯ ಡ್ರಾ ಆಯಿತು, ಮುಂದಿನದರಲ್ಲಿ ಮನೆಗೆ ಹೋದರು.) ಅಂಥ ಮೋಜಿಗೆ ಚಿಕ್ಕ ಕೂದಲು ಸರಿ. ಮೊಣಕೈವರೆಗೆ ಜಡೆ ಇರುವವಳು ಅದೇ ಧೈರ್ಯ ಮಾಡಿದರೆ ಹೇಗೆ?

ಮಾಡಿಯೇ ತೀರುತ್ತೇನೆ ಅನ್ನುವವರು ಇಷ್ಟು ಮಾಡಿ. ಕಿವಿಯ ಹಿಂದಿನಿಂದ ಒಂದು ಸಣ್ಣ ಎಳೆ ಕತ್ತರಿಸಿ, ಬುಡದಿಂದ ತುದಿಯವರೆಗೂ. ಪ್ಲಾಸ್ಟಿಕ್ ಕಪ್‌ನಲ್ಲಿ ಅದೇ ಪುಡಿ, ಅದೇ ಡೆವಲಪರ್ ಕಲಸಿ ಅದರಲ್ಲಿಡಿ. ಸ್ಟೀಲ್ ಬಟ್ಟಲು ಬೇಡ. ಕಪ್ ಬಿಸಿಯಾಗುತ್ತಿದೆಯಾ, ಹಸಿರು ಬರುತ್ತಿದೆಯಾ, ಎಳೆದರೆ ತುಂಡಾಗುತ್ತಿದೆಯಾ ನೋಡಿ. ಇದರಲ್ಲಿ ಒಂದು ಕಂಡರೂ ಅಲ್ಲಿಗೇ ಬಿಡಿ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುವುದು ಒಳ್ಳೆಯದೇ, ಅದು ಕೂದಲ ಒಳಗೆ ಇಳಿದು ಪ್ರೋಟೀನ್ ನಷ್ಟ ಕಡಿಮೆ ಮಾಡುತ್ತದೆ ಅನ್ನುವುದಕ್ಕೆ 2003ರಲ್ಲೇ ನಮ್ಮ ದೇಶದವರೇ ಮಾಡಿದ ಅಧ್ಯಯನ ಇದೆ. ಹಾಗಂತ ಎಣ್ಣೆ ಮೆಹೆಂದಿಯನ್ನು ತೆಗೆಯುವುದಿಲ್ಲ. ಬಾಗಿಲು ಹಾಕಿದ ಬಚ್ಚಲಲ್ಲಿ ಪುಡಿ ಕಲಸಬೇಡಿ. ಅದರಲ್ಲಿರುವ ಪರ್ಸಲ್ಫೇಟ್ ಧೂಳಿಗೆ ನಮ್ಮ ಕಸುಬಿನವರಿಗೇ ಅಸ್ತಮಾ ಬರುವುದುಂಟು. ಕಲಸಿ ಉಳಿದದ್ದನ್ನು ಮುಚ್ಚಳ ಬಿಗಿದು ಇಡಬೇಡಿ, ಗ್ಯಾಸ್ ತುಂಬಿ ಡಬ್ಬಿ ಸಿಡಿಯಬಹುದು. ಮುಖಕ್ಕೆ ಹಚ್ಚುವ ಬ್ಲೀಚ್ ಕ್ರೀಮ್ ತಲೆಗೆ ಬೇಡ. ನಿಂಬೆಹಣ್ಣು ಹಿಂಡಿಕೊಂಡು ಬಿಸಿಲಲ್ಲಿ ಕೂತರೆ ನಮ್ಮ ಕಪ್ಪಿಗೆ ತಲೆನೋವೇ ಬರುವುದು, ಬಣ್ಣ ಅಲ್ಲ.

ಎಲ್ಲ ಚೆನ್ನಾಗಿ ಆಯಿತು ಅನ್ನಿ. ತಿಂಗಳಾಗುವಷ್ಟರಲ್ಲಿ ಬುಡದಲ್ಲಿ ಕಪ್ಪು ಗೆರೆ ಬಂದಿರುತ್ತದೆ. ಬೋರ್‌ವೆಲ್ ಗಡಸು ನೀರಿಗೆ ಟೋನರ್ ಬೇಗ ಮಾಸಿರುತ್ತದೆ. ಆ ಖರ್ಚನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಕಾಮೆಂಟಲ್ಲಿ ಕೂದಲ ಫೋಟೋ ಹಾಕಿ "ಅಕ್ಕ, ಮಾಡ್ಕೋಬಹುದಾ?" ಅಂತ ಕೇಳುವವರು ನಾಲ್ಕೈದು ವರ್ಷದಿಂದ ಏನೇನು ಹಚ್ಚಿದ್ದೀರಿ ಅಂತಲೂ ಬರೆಯಿರಿ. ಅಮ್ಮ ಹಚ್ಚಿದ್ದು, ಪಕ್ಕದ ಮನೆಯವರು ಹಚ್ಚಿದ್ದು, ಎಲ್ಲ. ಮೆಹೆಂದಿ ಪ್ಯಾಕೆಟ್ ಇನ್ನೂ ಮನೆಯಲ್ಲಿದ್ದರೆ ಅದರ ಹಿಂಬದಿಯ ಫೋಟೋ ಹಾಕಿ. ಅಂಗಡಿ ಮುಚ್ಚಿದ ಮೇಲೆ ಒಬ್ಬೊಬ್ಬರಿಗೇ ಉತ್ತರ ಕೊಡುತ್ತೇನೆ.