ಸೀತಾಫಲದ ಐಸ್ ಕ್ರೀಮು

ಐಸ್ ಕ್ರೀಮು ಬೇಸಿಗೆಯ ತಿನಿಸು ಎಂಬುದು ಲೋಕದ ಮಾತು. ಬಿಸಿಲು ನಲವತ್ತೆರಡು ಡಿಗ್ರಿ ದಾಟುವ ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನಾನು ಅದನ್ನು ಅಲ್ಲಗಳೆಯುವುದು ಉದ್ಧಟತನವೇ ಸರಿ. ಆದರೂ ಬೀದರಿಗೆ ಬಂದು ನೆಲೆಸಿದ ಮೇಲೆ, ಮನೆಯಲ್ಲಿ ಐಸ್ ಕ್ರೀಮು ಮಾಡಲು ತಕ್ಕ ಕಾಲವೆಂದರೆ ದಸರೆ ದೀಪಾವಳಿಗಳ ಆಸುಪಾಸಿನ ದಿನಗಳೆಂದು ನಂಬಿದ್ದೇನೆ. ಸುತ್ತಲಿನ ಕೆಂಪು ಕಲ್ಲಿನ ನೆಲದಲ್ಲಿ ಯಾರ ಆರೈಕೆಯನ್ನೂ ಬೇಡದೆ ಬೆಳೆದ ಗಿಡಗಳಿಂದ ಸೀತಾಫಲ ಬುಟ್ಟಿ ಬುಟ್ಟಿಯಾಗಿ ಪೇಟೆಗೆ ಇಳಿಯುವುದು ಆಗಲೇ.

ಮಾವು ಯಾರ ಕೈಗಾದರೂ ಒಲಿಯುತ್ತದೆ. ರಸವನ್ನು ಒಲೆಯ ಮೇಲೆ ಕೊಂಚ ಬತ್ತಿಸಿ ನೀರಿನಂಶ ಇಳಿಸಿದರೆ ಬಾಯಲ್ಲಿ ಹರಳು ಕರಕರ ಎನ್ನುವುದಿಲ್ಲ. ಸೀತಾಫಲಕ್ಕೆ ಈ ಉಪಾಯ ನಡೆಯದು. ಮೊದಲ ವರ್ಷ ಜಾಣತನ ತೋರಲು ಹೋಗಿ ತಿರುಳನ್ನು ಹಾಲಿನೊಡನೆ ಕುದಿಸಿದೆ. ಬಿಸಿ ತಾಗಿದ ತಿರುಳು ಕಹಿಯಾಗಿ, ಎರಡು ಲೀಟರ್ ಎಮ್ಮೆಯ ಹಾಲು ಮೋರಿಯ ಪಾಲಾಯಿತು. ಅಂದಿನಿಂದ ಹಾಲನ್ನಷ್ಟೇ ಅರ್ಧಕ್ಕಿಳಿಯುವ ತನಕ ಕಾಯಿಸಿ, ಸಕ್ಕರೆ ಬೆರೆಸಿ, ಪೂರ್ತಿ ತಣಿದ ಮೇಲೆ ಹಣ್ಣು ಸೇರಿಸುತ್ತೇನೆ. ಸಕ್ಕರೆಯಲ್ಲಿ ಕೈ ಬಿಗಿಹಿಡಿಯಬಾರದು. ಹಾಲು ಕಲ್ಲಿನಂತೆ ಹೆಪ್ಪುಗಟ್ಟದಂತೆ ತಡೆಯುವುದೂ ಅದೇ.

ನಿಜವಾದ ಪರೀಕ್ಷೆ ಬೀಜದ್ದು. ಒಂದೊಂದು ಎಸಳಿಗೂ ಒಂದೊಂದು ಕಪ್ಪು ಬೀಜವನ್ನು ಅಡಗಿಸಿಟ್ಟಿರುವ ಈ ಹಣ್ಣನ್ನು ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕೆಟ್ಟಿತು. ಜರಡಿಗೆ ಉಜ್ಜಿದರೆ ಎಸಳಿನ ಅಂದವೇ ಹೋಗಿ ಬರೀ ಲೋಳೆ ಉಳಿಯಿತು. ಆದ್ದರಿಂದ ಮನೆಮಂದಿಯೆಲ್ಲ ಪರಾತದ ಸುತ್ತ ಕುಳಿತು, ಬೆರಳಲ್ಲೇ ಹಿಚುಕಿ ಬೀಜ ತೆಗೆಯುತ್ತೇವೆ. ಡಜನ್ ಹಣ್ಣಿಗೆ ಒಂದು ಗಂಟೆಯಾದರೂ ಬೇಕು. ತೆಗೆಯುವವರ ಬಾಯಿಗೆ ಹೋಗುವ ಎಸಳುಗಳನ್ನು ಲೆಕ್ಕಕ್ಕೆ ಹಿಡಿದರೆ ಹಣ್ಣೂ ಹದಿನೈದು ಬೇಕು.

ಉಳಿದದ್ದು ನಮ್ಮ ಹಳೆಯ ಮರದ ಬಕೇಟಿನ ಕೆಲಸ. ನಡುವೆ ಹಾಲಿನ ಡಬ್ಬಿ, ಸುತ್ತಲೂ ಕುಟ್ಟಿದ ಬರ್ಫು ಮತ್ತು ಕಲ್ಲುಪ್ಪು. ಉಪ್ಪು ಬಿದ್ದ ಬರ್ಫು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೂ ಕರಗುತ್ತಲೇ ಇರುತ್ತದೆ, ಕರಗಲು ಬೇಕಾದ ಶಾಖವನ್ನು ಹಾಲಿನಿಂದಲೇ ಕಸಿಯುತ್ತದೆ. ಹಿಡಿಕೆ ತಿರುಗಿಸುತ್ತಿದ್ದರೆ ಡಬ್ಬಿಯ ಗೋಡೆಗೆ ಕಟ್ಟಿದ ಹರಳುಗಳನ್ನು ಒಳಗಿನ ಮರದ ಅಲಗು ಕೆರೆದು ನುಣುಪಾಗಿಸುತ್ತದೆ. ಇಂಥ ಹಿಡಿಕೆಯ ಯಂತ್ರಕ್ಕೆ 1843ರಲ್ಲಿ ಪೇಟೆಂಟ್ ಪಡೆದವಳು ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಹೆಣ್ಣುಮಗಳು ಎಂದು ತಿಳಿದ ದಿನದಿಂದ, ತಿರುಗಿಸುವ ಪಾಳಿಯನ್ನು ಮನೆಯ ಗಂಡಸರಿಗೇ ವಹಿಸಿದ್ದೇನೆ. ಮುಚ್ಚಳ ಸಡಿಲವಾಗಿದ್ದು ಉಪ್ಪುನೀರು ಒಳಸೇರಿದರೆ ಮಾತ್ರ ದೂರು ಕೇಳುವವರಿಲ್ಲ.

ಅರ್ಧ ಗಂಟೆಯಲ್ಲಿ ಹಿಡಿಕೆ ಬಿಗಿಯಾಗುತ್ತದೆ. ಹೊರಗೆ ಸಂಜೆಯ ತಂಗಾಳಿ. ಅತ್ತೆ ಶಾಲು ಹೊದ್ದು, ತಂಡಿಯಲ್ಲಿ ಇದೆಂಥ ಹುಚ್ಚು ಎಂದು ಗೊಣಗುತ್ತಲೇ ಎರಡನೆಯ ಬಟ್ಟಲು ಚಾಚುತ್ತಾರೆ. ಅಷ್ಟರಲ್ಲಿ ಯಾರದೋ ಹಲ್ಲಿನಡಿ ಕಟ್ಟೆಂದು ಸದ್ದಾಗುತ್ತದೆ, ಎಲ್ಲರ ಕಣ್ಣೂ ನನ್ನ ಕಡೆ ತಿರುಗುತ್ತವೆ.