ಎಲ್ಲ ಬ್ಯಾಕ್ಟೀರಿಯಾಗೂ 20 ನಿಮಿಷ ಅಲ್ಲ

ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತೆ ಅಂತ ನಿಮ್ಮ ಲೇಖನದಲ್ಲಿ ಎಲ್ಲದಕ್ಕೂ ಸೇರಿಸಿ ಬರೆದುಬಿಟ್ಟಿದೀರಲ್ಲ, ಅದು ಸರಿಯಿಲ್ಲ ಸಾರ್. ಆ ಲೆಕ್ಕ ನಮ್ಮ ಕರುಳಲ್ಲಿರೋ ಇ.ಕೋಲೈ ಥರದ ಬ್ಯಾಕ್ಟೀರಿಯಾಕ್ಕೆ, ಅದೂ ಲ್ಯಾಬಲ್ಲಿ 37 ಡಿಗ್ರಿ ಶಾಖ ಕೊಟ್ಟು ಹೊಟ್ಟೆ ತುಂಬ ಆಹಾರ ಇಟ್ಟಾಗ. ಟಿಬಿ ಬ್ಯಾಕ್ಟೀರಿಯಾ ಒಂದ್ಸಲ ಎರಡಾಗೋಕೆ 15ರಿಂದ 20 ಗಂಟೆ ತಗೊಳ್ಳುತ್ತೆ. ನಾನು ಬೆಂಗಳೂರಲ್ಲೇ ಒಂದು ಲ್ಯಾಬಲ್ಲಿ ಕೆಲಸ ಮಾಡೋದು, ಬ್ಯಾಕ್ಟೀರಿಯಾ ಬೆಳೆಸಿ ನೋಡೋಕೆ ಯೂರಿನ್ ಇವತ್ತು ಸಂಜೆ ಪ್ಲೇಟಿಗೆ ಹಾಕಿದ್ರೆ ಸಾಮಾನ್ಯವಾಗಿ ನಾಳೆನೇ ಅದರ ಗುಂಪು (ಕಾಲನಿ) ಕಣ್ಣಿಗೆ ಕಾಣುತ್ತೆ, ಅದೇ ಕಫ ಹಾಕಿದ ಹಸಿರು ಎಲ್‌ಜೆ (ಟಿಬಿ ಬೆಳೆಸೋಕೆ ಬಳಸೋ ಆಹಾರ) ಬಾಟಲಲ್ಲಿ ಟಿಬಿ ಬೆಳೆಯೋಕೆ 3ರಿಂದ 8 ವಾರ ಬೇಕು, ಪೇಷಂಟ್ ಮನೆಯವರು ಕೌಂಟರಿಗೆ ಬಂದು ಇನ್ನೂ ರಿಪೋರ್ಟ್ ಬಂದಿಲ್ವಾ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳ್ತಾರೆ, ಅವರಿಗೆ ಈ 20 ನಿಮಿಷದ ಕಥೆ ಓದಿದ್ರೆ ಏನನ್ಸಬೇಡ ಹೇಳಿ.

ಗ್ರಾಂ ಅನ್ನೋ ಬಣ್ಣ ಹಾಕಿ ನೋಡೋ ಪರೀಕ್ಷೆ ಪ್ರಕಾರ ಬ್ಯಾಕ್ಟೀರಿಯಾದಲ್ಲಿ ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್ ಅಂತ ಎರಡೇ ಗುಂಪು ಅಂದಿರೋದೂ ಅಷ್ಟೇ, ಸರಿಯಿಲ್ಲ. ಟಿಬಿ ಬ್ಯಾಕ್ಟೀರಿಯಾದ ಹೊರಗೋಡೆ ತುಂಬ ಮೇಣದಂಥ ಕೊಬ್ಬು, ಗ್ರಾಂ ಬಣ್ಣ ಸರಿಯಾಗಿ ಹತ್ತೋದೇ ಇಲ್ಲ. ಅದಕ್ಕೇ ಸ್ಲೈಡಿಗೆ ಕಾರ್ಬಾಲ್ ಫುಕ್ಸಿನ್ ಅನ್ನೋ ಕೆಂಪು ಬಣ್ಣ ಹಾಕಿ ಹಬೆ ಏಳೋ ತನಕ ಬಿಸಿ ಮಾಡ್ತೀವಿ, ಆಮೇಲೆ ಆಸಿಡಲ್ಲಿ ತೊಳೆದ್ರೂ ಬಣ್ಣ ಬಿಡಲ್ಲ, ನೀಲಿ ಹಿನ್ನೆಲೇಲಿ ಸಣ್ಣ ಕೆಂಪು ಕಡ್ಡಿಗಳು ಎದ್ದು ಕಾಣ್ತವೆ. ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾಗಂತೂ ಗೋಡೆನೇ ಇಲ್ಲ, ಪೆನಿಸಿಲಿನ್ ಹಾಳು ಮಾಡೋದು ಗೋಡೆನ, ಅದಕ್ಕೇ ಅದು ಇದರ ಮೇಲೆ ನಡೆಯಲ್ಲ. ದಯವಿಟ್ಟು ಈ ಎರಡು ಸಾಲು ತಿದ್ದಿ, ಪಿಯುಸಿ ಮಕ್ಕಳು ಇದನ್ನೇ ನೋಟ್ಸ್ ಮಾಡ್ಕೋತಾರೆ.